ಫಲಕವನ್ನು ನಂಬುವ ಮೊದಲು, ಬರಬೇಕಾದ ವಿಮಾನವನ್ನು ನೋಡಿ

ನಿಲ್ದಾಣದ ಫಲಕದಲ್ಲಿ ‘ಸಮಯಕ್ಕೆ ಸರಿಯಾಗಿ’ ಎಂದು ಕಂಡ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ನೀವು ಹತ್ತಬೇಕಾದ ವಿಮಾನ ಈಗ ಎಲ್ಲಿದೆ? ನಿಜವಾದ ಸುಳಿವು ಅಲ್ಲಿದೆ.

ವಿಮಾನಗಳು ಎಲ್ಲಿವೆ ಎಂದು ನಕ್ಷೆಯಲ್ಲಿ ತೋರಿಸುವ ಫ್ಲೈಟ್‌ರೇಡಾರ್24 ಅಥವಾ ಫ್ಲೈಟ್‌ಅವೇರ್ ಜಾಲತಾಣದಲ್ಲಿ ನಿಮ್ಮ ವಿಮಾನದ ಸಂಖ್ಯೆ ಹಾಕಿದರೆ, ಸಾಮಾನ್ಯವಾಗಿ ಅದೇ ವಿಮಾನದ ಹಿಂದಿನ ಹಾರಾಟವೂ ಸಿಗುತ್ತದೆ. ನೀವು 6.00ಕ್ಕೆ ಹೊರಡಬೇಕು, ಆ ವಿಮಾನ ಇಳಿಯುವುದೇ 5.50ಕ್ಕೆ ಎಂದುಕೊಳ್ಳಿ. ಬಂದವರು ಇಳಿಯಬೇಕು, ಒಳಗೆಲ್ಲ ಗುಡಿಸಬೇಕು, ಇಂಧನ ತುಂಬಬೇಕು, ಸಾಮಾನು ಏರಿಸಬೇಕು, ಆಮೇಲೆ ನೀವು ಹತ್ತಬೇಕು. ಹತ್ತು ನಿಮಿಷದಲ್ಲಿ ಇದೆಲ್ಲ ಆಗದ ಮಾತು. ಫಲಕ ಇನ್ನೂ ಬದಲಾಗಿಲ್ಲ, ಅಷ್ಟೇ.

ಉಳಿದ ವಿಮಾನಗಳ ಮೇಲೂ ಕಣ್ಣಾಡಿಸಿ. ಎಲ್ಲವೂ ತಡವಾಗಿದ್ದರೆ ಹವಾಮಾನವೋ ರನ್‌ವೇ ದಟ್ಟಣೆಯೋ ಕಾರಣವಿರಬಹುದು. ನಕ್ಷೆಯಲ್ಲಿ ವಿಮಾನಗಳು ನಿಲ್ದಾಣದ ಸುತ್ತ ಗಿರಕಿ ಹೊಡೆಯುವುದೂ ಕಾಣುತ್ತದೆ. ನಿಮ್ಮದೊಂದೇ ತಡವಾಗಿದ್ದರೆ ತಾಂತ್ರಿಕ ತೊಂದರೆ ಅಥವಾ ಸಿಬ್ಬಂದಿಯ ಕೊರತೆ ಇರಬಹುದು. ಆಗ ಬೇರೆ ವಿಮಾನ ತಂದು ನಿಲ್ಲಿಸುವುದೂ ಉಂಟು, ಹಾಗಾಗಿ ಆಗಾಗ ನೋಡುತ್ತಿರಿ.

ಒಂದು ಮಾತು ದಯವಿಟ್ಟು ಮರೆಯಬೇಡಿ: ತಡ ಎಂದು ತಿಳಿದರೂ ಮನೆಯಿಂದ ನಿಧಾನವಾಗಿ ಹೊರಡಬೇಡಿ. ವಿಮಾನಯಾನ ಸಂಸ್ಥೆಯೇ ಬೇರೆ ಸಮಯ ಹೇಳದ ಹೊರತು ಚೆಕ್‌ಇನ್ ಮೊದಲಿನ ವೇಳೆಗೇ ಮುಚ್ಚಬಹುದು.