ಒತ್ತಿಗೆ 5 ಇಂಚು: ಸ್ಟೇಷನ್ ಬೋರ್ಡ್ ಬರೆದ ನನ್ನ ಅನುಭವ

ಹಲಗೆ ಮೇಲೆ ‘ಹುಬ್ಬಳ್ಳಿ’ ಅಂತ ಬರೆದು, ಅದರ ಕೆಳಗೇ ಅದೇ ಊರನ್ನು ಹಿಂದಿಯಲ್ಲಿ ಬರೆದು ನೋಡಿ. ಕನ್ನಡದ ಎರಡು ಒತ್ತುಗಳು ಕೆಳಗೆ ಜೋತುಬೀಳುತ್ತವೆ. ಹಿಂದಿಯ ಇಕಾರದ ಕೊಕ್ಕೆ ತಲೆಗೆರೆ ದಾಟಿ ಮೇಲಕ್ಕೆ ಏಳುತ್ತದೆ. ಇವೆರಡೂ ಢಿಕ್ಕಿ ಹೊಡೆಯದ ಹಾಗೆ ನೋಡಿಕೊಳ್ಳುವುದು ನನ್ನ ಅರ್ಧ ಕೆಲಸ. ಇನ್ನರ್ಧ ಹಳೇ ಬಣ್ಣ ಕೆರೆಯುವುದು.

ನಾನು ಭದ್ರಾವತಿಯಲ್ಲಿ ಸೋದರಮಾವನ ಹತ್ತಿರ ಬ್ರಶ್ ಹಿಡಿಯಲು ಕಲಿತವನು. ಅಂಗಡಿ ಬೋರ್ಡು, ಲಾರಿ ನಂಬರು, ಚುನಾವಣೆ ಬಂದರೆ ಗೋಡೆ ಬರಹ. ಆಮೇಲೆ ಒಬ್ಬ ಕಂಟ್ರಾಕ್ಟರ್ ಕೈಕೆಳಗೆ ಬೀರೂರು–ಶಿವಮೊಗ್ಗ ಕಡೆಯ ರೈಲ್ವೆ ಸ್ಟೇಷನ್‌ಗಳ ಬೋರ್ಡು ಬರೆಯುವ ಕೆಲಸ ಸಿಕ್ಕಿತು. ಅಂಗಡಿ ಬೋರ್ಡಿಗಾದರೆ ನೆರಳು, ಬಳ್ಳಿ, ಮೂರು ಬಣ್ಣ, ಏನು ಬೇಕಾದರೂ ಹಾಕಬಹುದು. ಇಲ್ಲಿ ಹಳದಿ ಮೇಲೆ ಕಪ್ಪು, ಮುಗಿಯಿತು. ಮೇಲೆ ಕನ್ನಡ, ನಡುವೆ ಹಿಂದಿ, ಕೆಳಗೆ ಇಂಗ್ಲಿಷ್. ಮೂರೂ ಒಂದೇ ಅಳತೆ. ಮೊದಮೊದಲು ಬೇಜಾರಾಗುತ್ತಿತ್ತು.

ಆದರೆ ರೈಲಿನ ಬೇರೆಲ್ಲ ಬಣ್ಣ ನನ್ನ ಕಣ್ಣೆದುರೇ ಬದಲಾಯಿತು. ಕಂದುಗೆಂಪು ಬೋಗಿಗಳು 1990ರ ದಶಕದಲ್ಲಿ ನೀಲಿಗೆ ತಿರುಗಿದವು. ಎಲ್‌ಎಚ್‌ಬಿ ಅನ್ನುವ ಜರ್ಮನ್ ವಿನ್ಯಾಸದ ಹೊಸ ಬೋಗಿಗಳು ಕೆಂಪಾಗಿ ಬಂದವು. 2019ರಲ್ಲಿ ವಂದೇ ಭಾರತ್ ಬಿಳಿ-ನೀಲಿಯಲ್ಲಿ ಓಡಿತು, 2023ಕ್ಕೆ ಅದಕ್ಕೂ ಕೇಸರಿ ಹತ್ತಿತು. ಹಳದಿ ಹಲಗೆ ಮಾತ್ರ ಅಲ್ಲೇ ನಿಂತಿದೆ. ಓದಲು ಬಾರದ ಅಜ್ಜಿಗೂ ಕಿಟಕಿಯಾಚೆ ಹಳದಿ ಕಂಡರೆ ಗಂಟು ಎತ್ತಿಕೊಳ್ಳಬೇಕು ಅಂತ ಗೊತ್ತು. ರೈಲ್ವೆಯ ಗುರುತು ಯಾವುದು ಅಂತ ನನ್ನನ್ನು ಕೇಳಿದರೆ ಗುಂಡನೆಯ ಲಾಂಛನ ತೋರಿಸುವುದಿಲ್ಲ, ಈ ಹಲಗೆ ತೋರಿಸುತ್ತೇನೆ.

ಒತ್ತಿನ ವಿಷಯಕ್ಕೆ ಬರುತ್ತೇನೆ. ಮೂರೂ ಭಾಷೆ ಒಂದೇ ಅಳತೆ ಅಂದಾಗ ನಾನೂ ಮೊದಲು ಹಲಗೆಯನ್ನು ಮೂರು ಸಮಭಾಗ ಮಾಡಿ ದಾರ ಹೊಡೆದೆ. ಇಂಗ್ಲಿಷಿನ ದೊಡ್ಡಕ್ಷರ ತನ್ನ ಪಾಲನ್ನೆಲ್ಲ ತುಂಬಿಕೊಂಡು ಎದೆಯುಬ್ಬಿಸಿ ನಿಂತಿತು. ಕನ್ನಡ ಅದೇ ಜಾಗದಲ್ಲಿ ಒತ್ತನ್ನೂ ಸೇರಿಸಿಕೊಳ್ಳಬೇಕಾಗಿ ಮುದುಡಿ ಕೂತಿತು. ಲೆಕ್ಕಕ್ಕೆ ಸಮ, ಕಣ್ಣಿಗೆ ಚಿಕ್ಕದು. ಆಮೇಲಿಂದ ಒತ್ತನ್ನು ಬಿಟ್ಟು ಅಕ್ಷರದ ಒಡಲನ್ನಷ್ಟೇ ಅಳೆಯತೊಡಗಿದೆ. ಇಂಗ್ಲಿಷ್ 9 ಇಂಚಾದರೆ ಕನ್ನಡದ ಒಡಲೂ 9. ಒತ್ತಿಗೆ ಅದರ ಕೆಳಗೆ ಬೇರೆಯೇ 5 ಇಂಚು. ಆ ಜಾಗವನ್ನು ಇಂಗ್ಲಿಷಿನ ಅಡಿಯ ಖಾಲಿಯಿಂದ ಕಿತ್ತುಕೊಳ್ಳುತ್ತೇನೆ, ಅದಕ್ಕೆ ಕೆಳಗೆ ಜೋಲುವ ಬಾಲವೇ ಇಲ್ಲವಲ್ಲ.

ಗೆರೆಯ ದಪ್ಪದಲ್ಲೂ ಒಂದು ಮೋಸವಿದೆ. ದಪ್ಪ ಬರೆದರೆ ದೂರಕ್ಕೆ ಕಾಣುತ್ತದೆ ಅನ್ನಿಸುತ್ತದೆ, ಆದರೆ ದುಂಡಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ. ಭದ್ರಾವತಿಯ ‘ಭ’ಕ್ಕೆ ಕೆಳಗಿನ ಸೀಳು ಕಾಣದಿದ್ದರೆ ನಮ್ಮೂರು ‘ಬದ್ರಾವತಿ’ ಆಗುತ್ತದೆ. ಬರೆದು ಒಣಗಿದ ಮೇಲೆ ನಾನು ಪ್ಯಾಸೆಂಜರ್ ಗಾಡಿ ಹತ್ತಿ ಜನರಲ್ ಬೋಗಿಯ ಸರಳಿನ ಕಿಟಕಿಯಿಂದ ನೋಡುತ್ತಿದ್ದೆ. ಹಲಗೆ ಓರೆಯಾಗಿ ಹಾದುಹೋಗುವಾಗ ಅಕ್ಷರಗಳು ಒಂದರ ಮೇಲೊಂದು ಬಿದ್ದಂತೆ ಕಾಣುತ್ತವೆ. ಅದಕ್ಕೇ ಎದುರು ನಿಂತವರಿಗೆ ತುಸು ಬಿಡಿಬಿಡಿ ಅನ್ನಿಸಿದರೂ ಸರಿ ಅಂತ ಅಂತರ ಹೆಚ್ಚಿಸಿದೆ.

2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಹೆಸರು ಬದಲಾದವು. ರೈಲ್ವೆಯ ಬೋರ್ಡುಗಳಿಗೆ ಅದು ಬಂದಿದ್ದು ಆಮೇಲೆ. ಇಂಗ್ಲಿಷಿನಲ್ಲಿ ಶಿಮೋಗ ಅಂತ 7 ಅಕ್ಷರ ಇದ್ದದ್ದು ಶಿವಮೊಗ್ಗ ಅಂತ 10 ಆಯಿತು, ಹುಬ್ಬಳ್ಳಿ 5ರಿಂದ 8ಕ್ಕೆ ಏರಿತು. ಹಲಗೆ ಮಾತ್ರ ಅಷ್ಟೇ ಅಗಲ. ಅಕ್ಷರ ಕಿರಿದು ಮಾಡಬೇಕು, ಇಲ್ಲ ಒತ್ತೊತ್ತಾಗಿ ಬರೆಯಬೇಕು. ತಮಾಷೆಯೆಂದರೆ ಶಿವಮೊಗ್ಗ, ಹುಬ್ಬಳ್ಳಿಗಳ ಮೊದಲ ಸಾಲು ಅಲುಗಾಡಲೇ ಇಲ್ಲ. ಕನ್ನಡದಲ್ಲಿ ನಾವು ಎಂದೂ ಬೇರೆ ಬರೆದಿರಲಿಲ್ಲ.

ಈ ಕೆಲಸಕ್ಕೆ ಇಳಿಯುವವರಿಗೆ ಒಂದು ಕಿವಿಮಾತು: ಕೆರೆಯುವ ಮುಂಚೆ, ಊರ ಹೆಸರಿನ ಜೊತೆ ಹಲಗೆ ಮೇಲಿರುವ ಸಮುದ್ರಮಟ್ಟದಿಂದ ಎತ್ತರದ ಅಂಕಿಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಒಮ್ಮೆ ನನ್ನ ಹುಡುಗ ಉತ್ಸಾಹದಲ್ಲಿ ಅದನ್ನೇ ಮೊದಲು ಕೆರೆದ. ಆ ಅಂಕಿಗಾಗಿ ಇಂಜಿನಿಯರಿಂಗ್ ಆಫೀಸಿಗೆ ಎರಡು ದಿನ ಅಲೆದೆ. ಮಲೆನಾಡಲ್ಲಿ ಮಳೆಗಾಲಕ್ಕೆ ಹಳದಿ ಹಚ್ಚಲೂ ಹೋಗಬೇಡಿ, ಕೆಳಗಿನ ಒಂದು ಮೊಳ ದೀಪಾವಳಿ ಹೊತ್ತಿಗೆ ಪಾಚಿ ಹಿಡಿದಿರುತ್ತದೆ.

ಚಿತ್ರ ಬಿಡಿಸುವ ಭಾಗ್ಯ ಸಿಕ್ಕಿದ್ದು ಒಂದೇ ಸಲ. ರೈಲ್ವೆಗೆ 150 ವರ್ಷ ತುಂಬುವ ಸಂಭ್ರಮಕ್ಕೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯವರು ಭೋಲು ಅನ್ನುವ ಆನೆಮರಿಯನ್ನು ರೂಪಿಸಿದ್ದರು, ಗಾರ್ಡ್ ವೇಷ, ಕೈಯಲ್ಲಿ ದೀಪ. ಅದು ಮೊದಲು ಹೊರಬಂದದ್ದು ನಮ್ಮ ಬೆಂಗಳೂರಿನಲ್ಲೇ, 2002ರ ಏಪ್ರಿಲ್ 16ರಂದು. ಮುಂದಿನ ವರ್ಷ ಒಂದು ಸ್ಟೇಷನ್ ಗೋಡೆ ಮೇಲೆ ಬರೆಯಲು ಹೇಳಿದರು. ಹಳದಿ-ಕಪ್ಪಿನ ಬೇಸರವನ್ನೆಲ್ಲ ಅದರ ಮೇಲೆ ತೀರಿಸಿಕೊಂಡೆ. ದೀಪಕ್ಕೆ ಮಾತ್ರ, ಎದ್ದು ಕಾಣಲಿ ಅಂತ, ಕೆಂಪು ಕೊಟ್ಟೆ. ಸ್ಟೇಷನ್ ಮಾಸ್ಟರ್ ಬಂದು ನೋಡಿ, “ಏನ್ರೀ ಪೇಂಟ್ರೇ, ನಿಮ್ಮ ಆನೆ ಗಾಡೀನೆಲ್ಲ ನಿಲ್ಲಿಸ್ತಾ ಇದೆಯಲ್ರೀ!” ಅಂದರು. ಅವತ್ತೇ ಹಸಿರು ಹಚ್ಚಿದೆ.

ಈಗ ಬಹಳ ಕಡೆ ಸ್ಟಿಕರ್ ಬೋರ್ಡು. ಕಂಪ್ಯೂಟರಿನಲ್ಲಿ ಅಕ್ಷರ ಕತ್ತರಿಸುವ ಹುಡುಗನ ಪಕ್ಕ ಕೂತು ಮೊನ್ನೆ ಎರಡನೇ ಸಾಲನ್ನು ಕೆಳಗಿಳಿಸಲು ಹೇಳಿದೆ. “ಅಷ್ಟು ಖಾಲಿ ಬಿಟ್ರೆ ಚೆನ್ನಾಗಿರಲ್ಲ ಅಂಕಲ್” ಅಂದ. ಹೊರಗೆ ಕರೆದುಕೊಂಡು ಹೋಗಿ ಕಾಂಪೌಂಡ್ ಮೇಲೆ ಸೀಮೆಸುಣ್ಣದಲ್ಲಿ ಎರಡು ಥರ ಹುಬ್ಬಳ್ಳಿ ಬರೆದೆ, ರಸ್ತೆಯಾಚೆ ನಿಂತು ನೋಡು ಅಂದೆ. ಸ್ವಲ್ಪ ಹೊತ್ತು ನಿಂತಿದ್ದು ವಾಪಸ್ ಬಂದು, “ಎಷ್ಟು ಇಳಿಸ್ಲಿ?” ಅಂತ ಕೇಳಿದ.