ಮೊಲದ ನೀರಿಗೆ ಬಾಟಲಿಯೋ, ಬಟ್ಟಲೋ?

ಹಸಿ ಸೊಪ್ಪು ತಿನ್ನುವ ಪ್ರಾಣಿಗೆ ಬೇರೆ ನೀರೇಕೆ ಎಂದು ಕೇಳುವವರು ನಮ್ಮ ವಿಜಯಪುರದಲ್ಲಿ ಇನ್ನೂ ಇದ್ದಾರೆ. ಮೊಮ್ಮಕ್ಕಳ ಹಟಕ್ಕೆ ಮೊಲದ ಜೋಡಿ ತಂದವರು ಮೊದಲು ಈ ಮಾತನ್ನು ತಲೆಯಿಂದ ತೆಗೆದುಹಾಕಬೇಕು. ಎರಡು ಕಿಲೋ ತೂಗುವ ಮೊಲ ದಿನಕ್ಕೆ ಸುಮಾರು 100ರಿಂದ 300 ಮಿಲಿಲೀಟರ್ ನೀರು ಕುಡಿಯುತ್ತದೆ. ಒಣ ಹುಲ್ಲು ಹೆಚ್ಚು ತಿಂದರೆ ನೀರೂ ಹೆಚ್ಚು ಬೇಕು. ಮರಿಗೆ ಹಾಲೂಡಿಸುವ ತಾಯಿಮೊಲಕ್ಕೆ ಕೆಲವೊಮ್ಮೆ ಒಂದು ಲೀಟರ್ ಕೂಡ ಸಾಲುವುದಿಲ್ಲ. ನಮ್ಮಂತೆ ಮೈತುಂಬ ಬೆವರಿ ತಂಪಾಗುವ ಸೌಕರ್ಯ ಅದಕ್ಕಿಲ್ಲ. ಆ ಉದ್ದ ಕಿವಿಗಳಿಂದಲೇ ಒಳಗಿನ ಬಿಸಿಯನ್ನು ಹೊರಹಾಕಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಅದರ ಪಾಡೇನಾಗಬೇಕು, ನೀವೇ ಯೋಚಿಸಿ.

ಅಂದ ಹಾಗೆ, ನಾನು ಹೇಳುತ್ತಿರುವುದು ಸಾಕುಮೊಲದ ವಿಷಯ. ತೊಗರಿ ಹೊಲದಲ್ಲಿ ಸಿಕ್ಕ ಕಾಡುಮೊಲದ ಮರಿಯನ್ನು ಮನೆಗೆ ತಂದು ಸಾಕುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಒಪ್ಪುವುದಿಲ್ಲ. ಅದನ್ನು ಸಿಕ್ಕಲ್ಲೇ ಬಿಡುವುದು ಲೇಸು.

ಅಂಗಡಿಯವನು ಪಂಜರದ ಜೊತೆಗೆ, ತಲೆಕೆಳಗೆ ತೂಗುಹಾಕಿ ನಳಿಕೆಯಿಂದ ನೀರು ಕುಡಿಸುವ ಬಾಟಲಿಯನ್ನೂ ಕೈಗಿಡುತ್ತಾನೆ. ಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಮೊದಲ ಜಾಗ ಬಟ್ಟಲಿಗೇ. ಮೊಲ ತಲೆ ಬಗ್ಗಿಸಿ ನೀರು ಕುಡಿಯುವ ಪ್ರಾಣಿ. ತೆರೆದ ಬಟ್ಟಲಿಟ್ಟರೆ ಹೊಟ್ಟೆ ತುಂಬ ಕುಡಿಯುತ್ತದೆ, ನಳಿಕೆಯನ್ನು ನೆಕ್ಕಿ ಕುಡಿಯಬೇಕಾದರೆ ಹನಿ ಹನಿಯಾಗಿ ಸಿಕ್ಕಷ್ಟಕ್ಕೇ ಬೇಸತ್ತು ಬಿಡುತ್ತದೆ. ಬಟ್ಟಲು ಮಾತ್ರ ಭಾರವಾಗಿರಬೇಕು. ಅಲ್ಯೂಮಿನಿಯಂ ತಟ್ಟೆಯನ್ನೋ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳವನ್ನೋ ಇಟ್ಟರೆ ಅದು ಹಲ್ಲಿನಲ್ಲಿ ಕಚ್ಚಿ ಮಗುಚಿ ಆಟವಾಡುತ್ತದೆ. ಮಿಕ್ಸರ್ ಬಂದ ಮೇಲೆ ಹಿತ್ತಲು ಸೇರಿದ ಸಣ್ಣ ಕಲ್ಲಿನ ಒರಳು ನಿಮ್ಮ ಮನೆಯಲ್ಲಿದ್ದರೆ ಅದಕ್ಕಿಂತ ಒಳ್ಳೆಯ ಬಟ್ಟಲು ದುಡ್ಡು ಕೊಟ್ಟರೂ ಸಿಗದು. ಇಳಕಲ್ಲಿನ ಕೆಂಪು ಗ್ರಾನೈಟಿನದಾದರಂತೂ ಮೊಲ ಅಲ್ಲ, ಮೊಮ್ಮಗನೂ ಅಲುಗಿಸಲಾರ. ದಪ್ಪ ಪಿಂಗಾಣಿಯೂ ಆಗುತ್ತದೆ. ಮಣ್ಣಿನ ಬಟ್ಟಲು ಬೇಸಿಗೆಯಲ್ಲಿ ನೀರನ್ನು ತಂಪಾಗಿಡುತ್ತದೆ ನಿಜ, ಆದರೆ ಅದರ ರಂಧ್ರಗಳಲ್ಲಿ ಲೋಳೆ ಕೂರುತ್ತದೆ. ಬೇಸಿಗೆ ಕಳೆದ ಮೇಲೆ ಒಡೆದುಹಾಕಿ ಮುಂದಿನ ವರ್ಷ ಹೊಸದು ತರಬೇಕು.

ಬಟ್ಟಲಿನ ಬಾಯಿ ತೀರ ಅಗಲವಾಗಿದ್ದರೂ ತೊಂದರೆ. ಬೆಳೆದ ಹೆಣ್ಣುಮೊಲಕ್ಕೆ ಗದ್ದದ ಕೆಳಗೆ ದನಕ್ಕಿರುವಂತೆ ಗಂಗೆದೊಗಲು ಜೋತಿರುತ್ತದೆ. ಕುಡಿಯುವಾಗಲೆಲ್ಲ ಅದು ನೀರಿನಲ್ಲಿ ಅದ್ದಿ, ಒದ್ದೆಯಾಗಿಯೇ ಉಳಿದು, ಕೂದಲುದುರಿ ಹುಣ್ಣಾಗುತ್ತದೆ. ಮೂತಿ ಇಳಿಯುವಷ್ಟು ಬಾಯಿ, ನೆಲದಿಂದ ಮೂರು ಬೆರಳು ಎತ್ತರ ಇದ್ದರೆ ಸಾಕು. ಹುಲ್ಲು, ಹಿಕ್ಕೆ ಬೀಳದಂತೆ ಮೊಲ ಹೇಲುವ ಮೂಲೆಗೆ ಎದುರು ಮೂಲೆಯಲ್ಲಿಡಿ.

ಇನ್ನು ಬಾಟಲಿ. ಇದರ ಗುಟ್ಟೆಲ್ಲ ಗಾಳಿಯಲ್ಲಿದೆ. ತಲೆಕೆಳಗಾದ ಬಾಟಲಿಯ ನೀರನ್ನು ಹೊರಗಿನ ಗಾಳಿಯ ಒತ್ತಡ ತಡೆದು ನಿಲ್ಲಿಸುತ್ತದೆ. ಮೊಲ ತುದಿಯ ಗುಂಡನ್ನು ನೂಕಿದಾಗ ಹನಿ ಇಳಿಯುತ್ತದೆ, ಅದರ ಬದಲಿಗೆ ಗುಳ್ಳೆಯೊಂದು ಮೇಲೇರುತ್ತದೆ. ಮುಚ್ಚಳದ ರಬ್ಬರ್ ವಾಷರ್ ಸರಿಯಾಗಿ ಕೂರದಿದ್ದರೆ ಗಾಳಿ ಬೇರೆ ದಾರಿಯಿಂದ ನುಗ್ಗಿ ನೀರೆಲ್ಲ ಸೋರಿಹೋಗುತ್ತದೆ. ಅದಕ್ಕೇ ಕೊಳ್ಳುವಾಗ ನಾಚಿಕೆ ಬೇಡ. ಅಂಗಡಿಯಲ್ಲೇ ನೀರು ತುಂಬಿಸಿ ತಲೆಕೆಳಗೆ ಹಿಡಿಯಿರಿ. ನಾಲ್ಕಾರು ಹನಿ ಬಿದ್ದು ನಿಂತರೆ ಒಳ್ಳೆಯದು, ನಿಲ್ಲದಿದ್ದರೆ ಇನ್ನೊಂದು ಕೇಳಿ. ನಳಿಕೆ ಸ್ಟೀಲಿನದೇ ಆಗಿರಲಿ, ಪ್ಲಾಸ್ಟಿಕ್ಕನ್ನು ಮೊಲ ಕಡಿದುಹಾಕುತ್ತದೆ. ಒಳಗೆ ಎರಡು ಗುಂಡುಗಳಿರುವ ನಳಿಕೆ ಕಡಿಮೆ ಸೋರುತ್ತದೆ. ಬಸ್ ನಿಲ್ದಾಣದಲ್ಲಿ ಕೊಂಡ ತೆಳು ನೀರಿನ ಬಾಟಲಿಗೆ ನಳಿಕೆ ಸಿಕ್ಕಿಸುವ ಉಳಿತಾಯ ಬೇಡ. ಮೊಲ ಮೈ ಒರಗಿಸಿದರೆ ಸಾಕು, ಬಾಟಲಿ ತಗ್ಗಿ ನೀರು ಚೆಲ್ಲುತ್ತದೆ.

ಹೊಸ ಬಾಟಲಿಯೂ ಬೇಸಿಗೆಯ ಮಧ್ಯಾಹ್ನ ತೊಟ್ಟಿಕ್ಕುತ್ತದೆ ಎಂದು ಹಲವರು ದೂರುತ್ತಾರೆ. ಅದು ಬಾಟಲಿಯ ತಪ್ಪಲ್ಲ. ಬಿಸಿಯೇರಿದಾಗ ಒಳಗಿನ ಗಾಳಿ ಹಿಗ್ಗಿ ನೀರನ್ನು ಹೊರದಬ್ಬುತ್ತದೆ. ಬಾಟಲಿ ಅರ್ಧ ಖಾಲಿಯಾಗಿದ್ದಷ್ಟೂ ಒಳಗೆ ಗಾಳಿ ಹೆಚ್ಚು, ಸೋರಿಕೆಯೂ ಹೆಚ್ಚು. ಆದ್ದರಿಂದ ಮಧ್ಯಾಹ್ನಕ್ಕೆ ಮೊದಲು ಮತ್ತೆ ಅಂಚಿನವರೆಗೆ ತುಂಬಿ, ಪಡಸಾಲೆಯ ನೆರಳಿನಲ್ಲಿ ತೂಗುಹಾಕಿ. ಪಡುವಣ ಬಿಸಿಲು ಬಡಿಯುವ ತಗಡಿನ ಗೋಡೆಯ ಪಕ್ಕ ಬೇಡವೇ ಬೇಡ. ಬಾಟಲಿಯ ಕೆಳಗೆ ಒಂದು ತಟ್ಟೆಯಿಡಿ. ಇಳಿದ ನೀರು ಮೊಲದ ಹೊಟ್ಟೆಗೆ ಹೋಯಿತೋ ನೆಲಕ್ಕೆ ಹೋಯಿತೋ ಎಂಬುದನ್ನು ತಟ್ಟೆ ಹೇಳುತ್ತದೆ. ಮೊಲ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಚುರುಕು. ಆಗಲೇ ಹೆಚ್ಚು ಕುಡಿಯುವುದರಿಂದ ದೀಪ ಹಚ್ಚುವ ಹೊತ್ತಿಗೆ ತಾಜಾ ನೀರು ಸಿದ್ಧವಿರಲಿ.

ನಮ್ಮ ಕಡೆಯ ದೊಡ್ಡ ತಲೆನೋವು ಬೋರ್‌ವೆಲ್ಲಿನ ಗಡಸು ನೀರು. ಚಹಾದ ಪಾತ್ರೆಗೆ ಬಿಳಿ ಪೊರೆ ಕಟ್ಟುವ ನೀರು ನಳಿಕೆಯ ಗುಂಡನ್ನು ಬಿಡುತ್ತದೆಯೇ? ಸುಣ್ಣ ಕಟ್ಟಿ ಗುಂಡು ಸಿಕ್ಕಿಕೊಳ್ಳುತ್ತದೆ. ಬಾಟಲಿ ತುಂಬಿದೆ ಎಂದು ನೀವು ನೆಮ್ಮದಿಯಿಂದಿರುತ್ತೀರಿ, ಮೊಲ ಬಾಯಾರಿ ಕೂತಿರುತ್ತದೆ. ದಿನವೂ ಬೆರಳಿನಿಂದ ಗುಂಡನ್ನು ಒಮ್ಮೆ ಒತ್ತಿ ನೋಡಿ, ಬೆರಳು ಒದ್ದೆಯಾಗಬೇಕು. ವಾರಕ್ಕೊಮ್ಮೆ ನಳಿಕೆ ಬಿಚ್ಚಿ ನಮ್ಮ ಇಂಡಿ ತಾಲ್ಲೂಕಿನ ಲಿಂಬೆಹಣ್ಣಿನ ರಸದಲ್ಲಿ ಅರ್ಧ ಗಂಟೆ ನೆನೆಸಿದರೆ ಸುಣ್ಣ ಕರಗುತ್ತದೆ, ವಿನೆಗರ್ ಕೂಡ ಅದೇ ಕೆಲಸ ಮಾಡುತ್ತದೆ. ಶಹಾಬಾದ್ ಕಲ್ಲಿನ ಬಟ್ಟಲಿದ್ದರೆ ಮಾತ್ರ ಹುಳಿ ಮುಟ್ಟಿಸಬೇಡಿ, ಅದೇ ಸುಣ್ಣದ ಕಲ್ಲು. ಬ್ರಷ್ ಹೋಗದ ಬಾಟಲಿಯೊಳಗೆ ಒಂದು ಹಿಡಿ ಜೋಳ, ಚಿಟಿಕೆ ಉಪ್ಪು, ಸ್ವಲ್ಪ ನೀರು ಹಾಕಿ ಜೋರಾಗಿ ಕುಲುಕಿದರೆ ಪಾಚಿಯೆಲ್ಲ ಬಿಟ್ಟುಬರುತ್ತದೆ. ಆಮೇಲೆ ಎರಡು ಮೂರು ಸಲ ಬರೀ ನೀರಿನಲ್ಲಿ ಗಲಬರಿಸಿ.

ಮೊಲಕ್ಕೆ ಸುಣ್ಣದಂಶ ಹೆಚ್ಚಾದರೆ ಅದು ಮೂತ್ರದಲ್ಲಿ ಹೋಗುತ್ತದೆ. ನೀರು ಕಡಿಮೆ ಕುಡಿದರೆ ಮೂತ್ರ ಬಿಳಿ ರಾಡಿಯಂತಾಗಿ ಮೂತ್ರಚೀಲದಲ್ಲಿ ಕಲ್ಲು ಕಟ್ಟುತ್ತದೆ. ಬೆಳೆದ ಮೊಲಕ್ಕೆ ಕುದುರೆಮಸಾಲೆ (ಲೂಸರ್ನ್ ಮೇವು) ಸೊಪ್ಪನ್ನು ದಿನವೂ ಸುರಿಯುವವರು ಇದನ್ನು ನೆನಪಿಡಬೇಕು. ಆ ಸೊಪ್ಪಿನಲ್ಲಿ ಸುಣ್ಣದಂಶ ಬಹಳ. ಮನೆಯವರು ಕುಡಿಯುವ ನೀರನ್ನೇ ಮೊಲಕ್ಕೂ ಕೊಡಿ. ನಳದ ನೀರು ಬಂದ ದಿನ ಒಂದು ಕೊಡ ಮುಚ್ಚಿಟ್ಟರೆ ಅದರ ಪಾಲು ಅದಕ್ಕಾಯಿತು.

ತನ್ನಷ್ಟಕ್ಕೆ ನೀರು ಕೊಡುವ ಸಾಧನಗಳ ವಿಷಯಕ್ಕೆ ಬಂದರೆ, ಒಂದೆರಡು ಮೊಲ ಸಾಕಿದವರಿಗೆ ಅವು ಬೇಕಿಲ್ಲ ಎನ್ನುವುದು ನನ್ನ ಅಭಿಪ್ರಾಯ. ವಿದ್ಯುತ್ತಿನಿಂದ ಚಿಮ್ಮುವ ಕಾರಂಜಿಯಂತೂ ಆಟದ ಸಾಮಾನು. ಮೊಲ ವೈರ್ ಕಡಿಯುತ್ತದೆ, ಬೇಸಿಗೆಯಲ್ಲಿ ಕರೆಂಟ್ ಹೋಗುತ್ತದೆ. ತಟ್ಟೆಯ ಮೇಲೆ ಬೋರಲಾಗಿ ನಿಲ್ಲುವ ಡಬ್ಬಿ ಪರವಾಗಿಲ್ಲ, ಆದರೆ ತಟ್ಟೆಗೆ ಬಿದ್ದ ಹುಲ್ಲು ಕೊಳೆಯುತ್ತದೆ, ಮೇಲೆ ನೀರಿದೆಯಲ್ಲ ಎಂದು ಯಾರೂ ತೊಳೆಯುವುದಿಲ್ಲ. ಹತ್ತಾರು ಗೂಡುಗಳಿದ್ದವರಿಗೆ ಪೈಪಿನ ಸಾಲು, ಗೂಡಿಗೊಂದು ಸ್ಟೀಲ್ ನಿಪ್ಪಲ್ (ಮೊಲ ನೂಕಿದಾಗ ಮಾತ್ರ ನೀರು ಬಿಡುವ ತುದಿ) ಒಳ್ಳೆಯದು. ಅದನ್ನು ಛಾವಣಿಯ ಟಾಕಿಗೆ ನೇರ ಜೋಡಿಸಬೇಡಿ. ಒತ್ತಡ ಹೆಚ್ಚಾಗಿ ನಿಪ್ಪಲ್ ಸೋರುತ್ತದೆ, ಇಲ್ಲವೇ ಮೊಲದ ಕೈಲಾಗದಷ್ಟು ಬಿಗಿಯಾಗುತ್ತದೆ. ಗೂಡಿಗಿಂತ ಎರಡು ಮೂರು ಅಡಿ ಎತ್ತರದಲ್ಲಿ ಮುಚ್ಚಳವಿರುವ ಬಕೆಟ್ ಇಟ್ಟು ಅದರಿಂದ ಪೈಪ್ ಎಳೆಯಿರಿ. ಈ ಲೆಕ್ಕ ನಮ್ಮೂರಿಗೆ ಹೊಸದಲ್ಲ. ಆದಿಲಶಾಹಿ ಕಾಲದಲ್ಲಿ ಬೇಗಂ ತಲಾಬ್ ಎಂಬ ಕೆರೆಯಿಂದ ಕೋಟೆಯೊಳಗೆ ನೀರು ತರುವಾಗ ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳನ್ನು ಕಟ್ಟಿದ್ದು ಕೊಳವೆಯ ಒತ್ತಡ ಇಳಿಸಲು, ಕೆಸರು ತಳಕ್ಕೆ ಕೂರಲು. ನಿಮ್ಮ ಬಕೆಟ್ಟಿನಲ್ಲೂ ಪೈಪಿನ ಬಾಯಿ ತಳಕ್ಕಿಂತ ಎರಡು ಬೆರಳು ಮೇಲಿರಲಿ, ಬೋರ್‌ವೆಲ್ಲಿನ ಮರಳು ಕೆಳಗೇ ಉಳಿಯುತ್ತದೆ.

ಪೈಪ್ ಕಪ್ಪು ಬಣ್ಣದ್ದಿರಲಿ, ಬೆಳಕು ಹಾಯುವ ಪೈಪಿನಲ್ಲಿ ಪಾಚಿ ಬೆಳೆಯುತ್ತದೆ. ಅದು ಗೂಡಿನ ಹೊರಗೇ ಹಾಯಲಿ. ಕೊನೆಯಲ್ಲೊಂದು ಸಣ್ಣ ನಲ್ಲಿ ಇಡಿಸಿ. ಕಪ್ಪು ಪೈಪ್ ಬಿಸಿಲಿಗೆ ಕಾದಾಗ ಬಿಸಿ ನೀರನ್ನು ಅದರಿಂದ ಹರಿಯಬಿಡಬಹುದು, ಕಾದ ನೀರನ್ನು ಮೊಲ ಮೂಸಿ ಬಿಟ್ಟುಬಿಡುತ್ತದೆ. ಬೆಲ್ಲದ ನೀರು, ಔಷಧಿ ಯಾವುದನ್ನೂ ಪೈಪಿಗೆ ಬಿಡಬೇಡಿ, ಲೋಳೆ ಕಟ್ಟುತ್ತದೆ. ಹೊಸ ಮೊಲ ನಿಪ್ಪಲ್ ಕಲಿತದ್ದನ್ನು ಕಣ್ಣಾರೆ ನೋಡುವವರೆಗೆ ಬಟ್ಟಲು ತೆಗೆಯಬಾರದು. ತುದಿಗೆ ಚೂರು ಬಾಳೆಹಣ್ಣು ಸವರಿದರೆ ಬೇಗ ಕಲಿಯುತ್ತದೆ. ಸಿದ್ಧೇಶ್ವರ ಜಾತ್ರೆಗೋ ಮದುವೆಗೋ ಎರಡು ದಿನ ಮನೆಗೆ ಬೀಗ ಹಾಕುವುದಿದ್ದರೆ ಪೈಪನ್ನು ನಂಬಿ ಹೋಗದೆ ಪಕ್ಕದ ಮನೆಯವರ ಕೈಗೆ ಕೀಲಿ ಕೊಟ್ಟು ಹೋಗಿ.

ನೀರು ಸಾಲುತ್ತಿಲ್ಲ ಎಂಬುದು ಹಿಕ್ಕೆಯಲ್ಲಿ ಮೊದಲು ಕಾಣುತ್ತದೆ. ಕಾಳುಗಳು ಸಣ್ಣಗಾಗಿ, ಗಟ್ಟಿಯಾಗಿ, ಎಣಿಕೆಯಲ್ಲಿ ಇಳಿಯುತ್ತವೆ. ಮುಂದೆ ಮೊಲ ಹುಲ್ಲನ್ನೂ ಬಿಡುತ್ತದೆ. ಅರ್ಧ ದಿನ ಏನೂ ತಿನ್ನದ ಮೊಲವನ್ನು ನಾಳೆ ನೋಡೋಣ ಎನ್ನುವಂತಿಲ್ಲ, ಕರುಳು ನಿಂತರೆ ಪ್ರಾಣಕ್ಕೇ ಬರುತ್ತದೆ. ಗಾಬರಿಯಲ್ಲಿ ಬಾಯಿಗೆ ನೀರು ಸುರಿಯಬೇಡಿ, ಅದು ಶ್ವಾಸಕ್ಕೆ ಹೋದೀತು. ತೊಳೆದ ಮೆಂತೆ ಸೊಪ್ಪನ್ನೋ ಕೊತ್ತಂಬರಿಯನ್ನೋ ನೀರು ಹಿಂಡದೆ ಹಾಗೆಯೇ ಮುಂದಿಟ್ಟು ನೋಡಿ. ಮೂಸದಿದ್ದರೆ ಒದ್ದೆ ಬಟ್ಟೆ ಸುತ್ತಿದ ಬುಟ್ಟಿಯಲ್ಲಿ ಕೂರಿಸಿಕೊಂಡು ತಡಮಾಡದೆ ಪಶುವೈದ್ಯರ ಬಳಿಗೆ ಹೋಗಿ.