ನನ್ನ ರೂಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ತಂದದ್ದು ಹೀಗೆ

ರೂಟರ್ ಗಟ್ಟಿಮುಟ್ಟಾಗಿಯೇ ಇತ್ತು. ತಯಾರಿಸಿದ ಕಂಪನಿ ಮಾತ್ರ ಅದರ ಕೈಬಿಟ್ಟು ವರ್ಷಗಳಾಗಿದ್ದವು. ಹೊಸ ಫರ್ಮ್‌ವೇರ್ (ರೂಟರ್ ಒಳಗಿನ ತಂತ್ರಾಂಶ) ಇಲ್ಲ, ಭದ್ರತಾ ತಿದ್ದುಪಡಿ ಇಲ್ಲ, ಒಳಗಿದ್ದ ಲಿನಕ್ಸ್ ಕರ್ನಲ್, ಅಂದರೆ ಕಾರ್ಯಾಚರಣೆ ವ್ಯವಸ್ಥೆಯ ತಿರುಳು, ತೀರಾ ಹಳೆಯದು. ಮನೆಯವರೆಲ್ಲರ ಇಂಟರ್ನೆಟ್ ಹಾದುಹೋಗುವ ಪೆಟ್ಟಿಗೆ ಈ ಸ್ಥಿತಿಯಲ್ಲಿರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಓಪನ್‌ಡಬ್ಲ್ಯುಆರ್‌ಟಿ ಎಂಬುದು ರೂಟರ್‌ಗಳಿಗಾಗಿ ಇರುವ, ಲಿನಕ್ಸ್ ಆಧಾರಿತ ಮುಕ್ತ ಫರ್ಮ್‌ವೇರ್. ಅದು ನಡೆಯುವ ಸಾಧನಗಳ ಪಟ್ಟಿಯಲ್ಲಿ ಹುಡುಕಿದೆ. ನನ್ನ ಮಾದರಿ ಇರಲಿಲ್ಲ. ಅದೇ ಚಿಪ್ ಇರುವ ಬೇರೆ ರೂಟರ್‌ಗಳು ಮಾತ್ರ ಸಾಲು ಸಾಲಾಗಿ ಇದ್ದವು. ಹಾಗಿದ್ದರೆ ಇದನ್ನೂ ಸೇರಿಸಬಹುದಲ್ಲ ಎಂದು ಕೆಲಸಕ್ಕೆ ಕೂತೆ.

ಇದಕ್ಕೆ ರಾಶಿಗಟ್ಟಲೆ ಸಿ ಭಾಷೆಯ ಕೋಡ್ ಬರೆಯಬೇಕು ಎಂದು ಅನೇಕರು ಹಿಂಜರಿಯುತ್ತಾರೆ. ನಾನು ಸಿ ಕೋಡ್ ಒಂದು ಸಾಲೂ ಬರೆದಿಲ್ಲ. ಪ್ರೊಸೆಸರ್, ವೈಫೈ ಚಿಪ್, ಈಥರ್ನೆಟ್ ಸ್ವಿಚ್ ಎಲ್ಲಕ್ಕೂ ಡ್ರೈವರ್ (ಚಿಪ್ ನಡೆಸುವ ತಂತ್ರಾಂಶ) ಆಗಲೇ ಸಿದ್ಧವಿತ್ತು. ಇಲ್ಲದಿದ್ದದ್ದು ಈ ಒಂದು ಬೋರ್ಡಿನ ವಿವರ: ಯಾವ ಎಲ್‌ಇಡಿ ಯಾವ ಪಿನ್ನಿಗೆ ಸೇರಿದೆ, ಫ್ಲ್ಯಾಶ್‌ನಲ್ಲಿ (ಕರೆಂಟ್ ಹೋದರೂ ಉಳಿಯುವ ಸಂಗ್ರಹ) ಯಾವುದು ಎಲ್ಲಿಂದ ಶುರುವಾಗುತ್ತದೆ, ಜಾಲದಲ್ಲಿ ಸಾಧನವನ್ನು ಗುರುತಿಸುವ ಮ್ಯಾಕ್ ವಿಳಾಸ ಎಲ್ಲಿ ಕೂತಿದೆ. ಪಿಸಿಯಲ್ಲಾದರೆ ಇಂಥ ಮಾಹಿತಿಯನ್ನು ಬಯಾಸ್ ಒದಗಿಸುತ್ತದೆ. ರೂಟರ್‌ನಲ್ಲಿ ಹೇಳುವವರು ಯಾರೂ ಇಲ್ಲ. ಡಿವೈಸ್ ಟ್ರೀ ಎಂಬ ಕಡತದಲ್ಲಿ ನಾವೇ ಬರೆದು ಕರ್ನಲ್ ಕೈಗೆ ಕೊಡಬೇಕು. ಆ ಕಡತದ ಒಂದೊಂದು ಸಾಲಿಗೂ ಉತ್ತರವನ್ನು ಬೋರ್ಡಿನಿಂದಲೇ ಹೊರಡಿಸಬೇಕು. ಇಡೀ ಕೆಲಸದ ತಿರುಳು ಅದೇ.

ಸ್ಕ್ರೂ ಬಿಚ್ಚಿ ನೋಡಿದರೆ ನಡುವೆ ಮೀಡಿಯಾಟೆಕ್ ಎಂಟಿ7621ಎಟಿ: 880 ಮೆಗಾಹರ್ಟ್ಸ್, ಎರಡು ಕೋರ್‌ಗಳ ಮಿಪ್ಸ್ ಪ್ರೊಸೆಸರ್. 2.4 ಗಿಗಾಹರ್ಟ್ಸ್ ವೈಫೈಗೆ ಎಂಟಿ7603, 5 ಗಿಗಾಹರ್ಟ್ಸ್‌ಗೆ ಎಂಟಿ7612. ಪಕ್ಕದಲ್ಲಿ 16 ಎಂಬಿಯ ಎಸ್‌ಪಿಐ ನಾರ್ ಫ್ಲ್ಯಾಶ್, 128 ಎಂಬಿ ರ‍್ಯಾಮ್. ನೋಡಿ ಸಮಾಧಾನವಾಯಿತು. ಓಪನ್‌ಡಬ್ಲ್ಯುಆರ್‌ಟಿ ನಡೆಯಲು 8 ಎಂಬಿ ಫ್ಲ್ಯಾಶ್, 64 ಎಂಬಿ ರ‍್ಯಾಮ್ ಕನಿಷ್ಠ ಬೇಕು. 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮ್‌ನ ಹಳೆಯ ಸಾಧನವಾಗಿದ್ದರೆ ನಾನು ಮತ್ತೆ ಸ್ಕ್ರೂ ಹಾಕಿ ಸುಮ್ಮನಾಗುತ್ತಿದ್ದೆ. ವೈಫೈ ಚಿಪ್ ಯಾವುದು ಎಂಬುದೂ ಅಷ್ಟೇ ಮುಖ್ಯ. ಈ ಎರಡು ಚಿಪ್‌ಗಳಿಗೂ ಎಂಟಿ76 ಎಂಬ ಮುಕ್ತ ಡ್ರೈವರ್ ಲಿನಕ್ಸ್ ಕರ್ನಲ್‌ನಲ್ಲೇ ಇದೆ. ಬ್ರಾಡ್‌ಕಾಮ್‌ನ ಬಹಳಷ್ಟು ವೈಫೈ ಚಿಪ್‌ಗಳಿಗೆ ಆ ಭಾಗ್ಯವಿಲ್ಲ. ಕವಚ ಬಿಚ್ಚಿದ ಮೇಲೆ ಮೊದಲು ಓದಬೇಕಾದದ್ದು ಚಿಪ್‌ಗಳ ಮೇಲಿನ ಈ ಅಕ್ಷರಗಳನ್ನೇ.

ಮುಂದಿನದು ಸೀರಿಯಲ್ ಕನ್ಸೋಲ್: ತಂತಿಯ ಮೂಲಕ ರೂಟರ್ ಜೊತೆ ಅಕ್ಷರಗಳಲ್ಲಿ ಮಾತಾಡುವ ದಾರಿ. ಅದಿಲ್ಲದೆ ಈ ಕೆಲಸಕ್ಕೆ ಕೈಹಾಕುವುದು ಬೇಡ. ಬೋರ್ಡಿನ ಅಂಚಿನಲ್ಲಿ ಹೆಸರಿಲ್ಲದ ನಾಲ್ಕು ತೂತುಗಳು ಸಾಲಾಗಿ ಇದ್ದವು. ಕರೆಂಟ್ ತೆಗೆದು, ಮಲ್ಟಿಮೀಟರನ್ನು ಕಂಟಿನ್ಯುಟಿಗೆ ಇಟ್ಟು, ಒಂದು ಕಡ್ಡಿಯನ್ನು ಲೋಹದ ಶೀಲ್ಡಿಗೆ ತಾಗಿಸಿದೆ. ಬೀಪ್ ಬಂದ ತೂತು ಗ್ರೌಂಡ್. ಆಮೇಲೆ ರೂಟರ್ ಆನ್ ಮಾಡಿ ಉಳಿದ ಮೂರರ ವೋಲ್ಟೇಜ್ ನೋಡಿದೆ. ಒಂದರಲ್ಲಿ 3.3 ವೋಲ್ಟ್ ಅಲುಗಾಡದೆ ನಿಂತಿತ್ತು, ಅದು ವಿದ್ಯುತ್ ಪೂರೈಕೆಯ ಪಿನ್, ಅದಕ್ಕೆ ತಂತಿ ಜೋಡಿಸುವಂತಿಲ್ಲ. ಇನ್ನೊಂದರಲ್ಲಿ ಬೂಟ್ ಆಗುವ ಹೊತ್ತಿನಲ್ಲಿ ಅಂಕಿ ಕುಣಿಯುತ್ತಿತ್ತು: ಅಕ್ಷರಗಳು ಹೊರಗೆ ಸುರಿಯುತ್ತಿರುವ ಗುರುತು, ಟಿಎಕ್ಸ್. ಉಳಿದದ್ದು ನಾವು ಕಳಿಸಿದ್ದನ್ನು ಒಳಗೆ ತೆಗೆದುಕೊಳ್ಳುವ ಆರ್‌ಎಕ್ಸ್. 3.3 ವೋಲ್ಟ್‌ನ ಯುಎಸ್‌ಬಿ ಅಡಾಪ್ಟರ್ ಜೋಡಿಸಿ, ವೇಗವನ್ನು 57600ಕ್ಕೆ ಇಟ್ಟ ಕೂಡಲೇ ಬೂಟ್ ಲಾಗ್ ಸ್ಪಷ್ಟವಾಗಿ ಬಂತು. ಹೆಚ್ಚಿನವರು 115200ರಿಂದ ಶುರುಮಾಡುತ್ತಾರೆ. ಈ ಚಿಪ್‌ನ ಹಲವು ಬೋರ್ಡುಗಳಲ್ಲಿ ಅದು ಬರೀ ಕಸ ತೋರಿಸುತ್ತದೆ.

ಲಾಗ್ ಬರುತ್ತಿತ್ತು, ಕೀಲಿ ಒತ್ತಿದರೆ ಪ್ರತಿಕ್ರಿಯೆ ಇಲ್ಲ. ಭೂತಗನ್ನಡಿ ಹಿಡಿದು ಆರ್‌ಎಕ್ಸ್‌ನಿಂದ ಹೊರಟ ಗೆರೆಯನ್ನೇ ಹಿಂಬಾಲಿಸಿದೆ. ಪ್ರೊಸೆಸರ್ ಮುಟ್ಟುವ ಮೊದಲು ಒಂದು ರೆಸಿಸ್ಟರ್‌ಗಾಗಿ ಬಿಟ್ಟ ಎರಡು ಪುಟಾಣಿ ಪ್ಯಾಡುಗಳು ಖಾಲಿ ಇದ್ದವು. ಕಾರ್ಖಾನೆಯಲ್ಲಿ ಬೇಕೆಂದೇ ಬಿಟ್ಟದ್ದು. ಒಂದು ಚುಕ್ಕೆ ಬೆಸುಗೆಯಿಂದ ಎರಡನ್ನೂ ಸೇರಿಸಿದೆ, ಕನ್ಸೋಲ್ ಮಾತಿಗೆ ಸಿಕ್ಕಿತು.

ರೂಟರ್ ಆನ್ ಆದಾಗ ಮೊದಲು ಓಡುವ ಬೂಟ್‌ಲೋಡರ್‌ನ ಮೆನುವಿನಲ್ಲಿ 1 ಒತ್ತಿದರೆ ಟಿಎಫ್‌ಟಿಪಿ (ಜಾಲದಲ್ಲಿ ಕಡತ ಸಾಗಿಸುವ ಸರಳ ವಿಧಾನ) ಮೂಲಕ ಇಮೇಜನ್ನು, ಅಂದರೆ ಫರ್ಮ್‌ವೇರ್ ಕಡತವನ್ನು, ರ‍್ಯಾಮ್‌ಗೆ ತಂದು ಅಲ್ಲಿಂದಲೇ ಬೂಟ್ ಮಾಡುತ್ತದೆ. 2 ಒತ್ತಿದರೆ ಫ್ಲ್ಯಾಶ್‌ಗೆ ಬರೆಯುತ್ತದೆ. 9 ಒತ್ತಿದರೆ ಬೂಟ್‌ಲೋಡರ್ ಮೇಲೆಯೇ ಬರೆಯುತ್ತದೆ, ಅದರ ಸಹವಾಸ ಬೇಡ. ನನಗೆ ಬೇಕಿದ್ದದ್ದು 1. ಇದೇ ಚಿಪ್, ಇಷ್ಟೇ ರ‍್ಯಾಮ್ ಇರುವ ಇನ್ನೊಂದು ರೂಟರ್‌ನ ಇನಿಟ್‌ರ‍್ಯಾಮ್‌ಎಫ್‌ಎಸ್ ಇಮೇಜನ್ನು ಹಾಗೆ ಬೂಟ್ ಮಾಡಿದೆ. ಇಡೀ ವ್ಯವಸ್ಥೆ ರ‍್ಯಾಮ್‌ನಲ್ಲೇ ಇರುವುದರಿಂದ ಏನೇ ಪ್ರಯೋಗ ಮಾಡಿದರೂ ಕರೆಂಟ್ ತೆಗೆದು ಹಾಕಿದರೆ ಹಳೆಯ ಫರ್ಮ್‌ವೇರ್ ಮರಳಿ ಬರುತ್ತದೆ. ಫ್ಲ್ಯಾಶ್‌ಗೆ ಒಂದು ಬೈಟ್ ಕೂಡ ಬರೆಯದೆ ಮುಕ್ಕಾಲು ಪಾಲು ಕೆಲಸ ಹೀಗೇ ಮುಗಿಯುತ್ತದೆ.

ರ‍್ಯಾಮ್‌ನಿಂದ ಮೇಲೆದ್ದ ಕೂಡಲೇ ಮಾಡಬೇಕಾದದ್ದು ಇಡೀ ಫ್ಲ್ಯಾಶ್‌ನ ಬ್ಯಾಕಪ್. ಅದರಲ್ಲೂ ಫ್ಯಾಕ್ಟರಿ ಎಂಬ 64 ಕಿಲೋಬೈಟ್‌ನ ವಿಭಾಗವನ್ನು ಎರಡು ಕಡೆ ಇಟ್ಟುಕೊಳ್ಳಿ. ಬೂಟ್‌ಲೋಡರ್ ಹಾಳಾದರೆ ಮತ್ತೊಂದು ರೂಟರ್‌ನಿಂದ ತರಬಹುದು. ಫ್ಯಾಕ್ಟರಿ ವಿಭಾಗ ಹಾಗಲ್ಲ. ಒಂದೊಂದು ರೂಟರ್‌ನ ರೇಡಿಯೊವನ್ನೂ ಕಾರ್ಖಾನೆಯಲ್ಲಿ ಅಳೆದು, ಯಾವ ಚಾನೆಲ್‌ಗೆ ಎಷ್ಟು ಶಕ್ತಿ, ಆವರ್ತನಕ್ಕೆ ಎಷ್ಟು ತಿದ್ದುಪಡಿ ಎಂದು ಬರೆದಿಟ್ಟ ಕ್ಯಾಲಿಬ್ರೇಶನ್ ಅದರಲ್ಲಿದೆ, ಮ್ಯಾಕ್ ವಿಳಾಸಗಳೂ ಅದರಲ್ಲೇ. ಅದು ಹೋದರೆ ಆ ರೂಟರ್‌ನ ಜಾತಕವೇ ಹೋದಂತೆ.

ಹೆಕ್ಸ್‌ಡಂಪ್ (ಬೈಟುಗಳನ್ನು ಹದಿನಾರರ ಎಣಿಕೆಯಲ್ಲಿ, ಅಂದರೆ ಹೆಕ್ಸ್‌ನಲ್ಲಿ, ತೋರಿಸುವ ಪಟ್ಟಿ) ತೆಗೆದು ನೋಡಿದಾಗ ಆದ ಖುಷಿಯನ್ನು ಇಲ್ಲಿ ಹೇಳಲೇಬೇಕು. ಫ್ಯಾಕ್ಟರಿ ವಿಭಾಗದ ಮೊದಲ ಎರಡು ಬೈಟು 03, 76. ತಿರುಗಿಸಿ ಓದಿದರೆ 7603: 2.4 ಗಿಗಾಹರ್ಟ್ಸ್ ಚಿಪ್ ತನ್ನ ಹೆಸರನ್ನು ತಾನೇ ಹೇಳುತ್ತಿತ್ತು. ಸೊನ್ನೆಯಿಂದ ಎಣಿಸಿದರೆ ನಾಲ್ಕನೇ ಬೈಟಿನಿಂದ ಆರು ಬೈಟುಗಳು ಅದರ ಮ್ಯಾಕ್ ವಿಳಾಸ. ಹೆಕ್ಸ್ 8000ದ ಬಳಿ ಇದೇ ವಿನ್ಯಾಸ ಇನ್ನೊಮ್ಮೆ, 5 ಗಿಗಾಹರ್ಟ್ಸ್ ಚಿಪ್‌ನದು. ಡಿವೈಸ್ ಟ್ರೀಯಲ್ಲಿ ಈ ಎರಡು ಜಾಗಗಳನ್ನು ಸರಿಯಾಗಿ ತೋರಿಸಬೇಕು. ಬೇರೆ ಬೋರ್ಡಿನ ಅಂಕಿಯನ್ನೇ ನಕಲು ಮಾಡಿದರೆ ವೈಫೈ ಏಳದೇ ಹೋಗಬಹುದು. ಅದಕ್ಕಿಂತ ಕೆಟ್ಟದ್ದೆಂದರೆ ಎದ್ದೂ ದುರ್ಬಲವಾಗಿ ನಡೆಯುವುದು, ಕಾರಣ ಹುಡುಕಲು ಆಗ ತಲೆಕೆಡಿಸಿಕೊಳ್ಳಬೇಕು. ಲ್ಯಾನ್ (ಮನೆಯೊಳಗಿನ ಜಾಲ) ಮತ್ತು ವ್ಯಾನ್ (ಹೊರಗಿನ ಇಂಟರ್ನೆಟ್) ವಿಳಾಸಗಳಿಗೆ ಹಳೆಯ ಫರ್ಮ್‌ವೇರ್ ಯಾವ ಇಂಟರ್‌ಫೇಸ್‌ಗೆ ಯಾವ ಮ್ಯಾಕ್ ಕೊಡುತ್ತದೆ ಎಂದು ಮೊದಲೇ ಬರೆದಿಟ್ಟುಕೊಂಡಿದ್ದೆ. ಅದೇ ಬೈಟುಗಳನ್ನು ಡಂಪ್‌ನಲ್ಲಿ ಹುಡುಕಿದಾಗ ವಿಭಾಗದ ಕೊನೆಯ ಭಾಗದಲ್ಲಿ ಸಿಕ್ಕವು. ರೂಟರ್‌ನ ಅಡಿಯ ಲೇಬಲ್‌ನಲ್ಲಿ ಅಚ್ಚಾದದ್ದು ಲ್ಯಾನ್ ವಿಳಾಸ.

ಎಲ್‌ಇಡಿ, ಬಟನ್‌ಗಳ ಹುಡುಕಾಟ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ತಂತ್ರಾಂಶದಿಂದ ಆನ್-ಆಫ್ ಮಾಡಬಲ್ಲ, ಓದಬಲ್ಲ ಪಿನ್ನುಗಳಿಗೆ ಜಿಪಿಐಒ ಎನ್ನುತ್ತಾರೆ. ಎಂಟಿ7621ರ ಜಿಪಿಐಒ ನಿಯಂತ್ರಕದಲ್ಲಿ 32ರಂತೆ ಮೂರು ಸಾಲು. ಪಿನ್ನುಗಳು ಸುಮ್ಮನೆ ಸಿಗುವುದಿಲ್ಲ. ಯುಎಆರ್‌ಟಿ (ಸೀರಿಯಲ್), ಜೆಟ್ಯಾಗ್ (ಚಿಪ್ ಪರೀಕ್ಷೆ), ವಾಚ್‌ಡಾಗ್ (ಸ್ತಬ್ಧವಾದ ಸಾಧನವನ್ನು ಮತ್ತೆ ಶುರುಮಾಡುವುದು) ಮುಂತಾದ ಕೆಲಸಗಳಿಗೆ ಗುಂಪು ಗುಂಪಾಗಿ ಮೀಸಲಾಗಿರುತ್ತವೆ. ಡಿವೈಸ್ ಟ್ರೀಯಲ್ಲಿ ಆ ಗುಂಪನ್ನು ಜಿಪಿಐಒಗೆ ಬಿಟ್ಟುಕೊಟ್ಟ ಮೇಲೆಯೇ ಪಿನ್ ನಮ್ಮ ಮಾತು ಕೇಳುತ್ತದೆ. 34ರಿಂದ 40ರವರೆಗಿನ ಪಿನ್ನುಗಳು ಎಸ್‌ಪಿಐಗೆ ಸೇರಿದವು, ಫ್ಲ್ಯಾಶ್ ಅಲ್ಲೇ ಇದೆ, ಹಾಗಾಗಿ ಅವನ್ನು ಮುಟ್ಟಲಿಲ್ಲ. ಉಳಿದವನ್ನು ಒಂದೊಂದಾಗಿ ಔಟ್‌ಪುಟ್ ಮಾಡಿ 0 ಬರೆಯುವುದು, 1 ಬರೆಯುವುದು, ಮುಂಭಾಗದ ಫಲಕವನ್ನೇ ದಿಟ್ಟಿಸುವುದು. 0 ಬರೆದಾಗ ನೀಲಿ ದೀಪ ಹೊತ್ತಿತು. ಅಂದರೆ ಆಕ್ಟಿವ್ ಲೋ. ಬಟನ್‌ಗೆ ಇದರ ತಿರುವುಮುರುವು: ಪಿನ್ನುಗಳನ್ನು ಇನ್‌ಪುಟ್ ಆಗಿ ಓದಿ, ಬಟನ್ ಒತ್ತಿ ಹಿಡಿದು ಮತ್ತೆ ಓದಿ, ಎರಡನ್ನೂ ಹೋಲಿಸುವುದು. ರಿಸೆಟ್ ಬಟನ್ 18ನೇ ಪಿನ್ನಿನಲ್ಲಿತ್ತು, ವಾಚ್‌ಡಾಗ್ ಗುಂಪಿನ ಪಿನ್ ಅದು. ಆ ಗುಂಪನ್ನು ಬಿಡಿಸುವವರೆಗೂ ಬಟನ್ ಇದೆ ಎಂಬ ಸುಳಿವೇ ಸಿಗದು. ಇಲ್ಲಿ ಉದಾಸೀನ ಸಲ್ಲ. ಸೆಟ್ಟಿಂಗ್ ಕೆಟ್ಟು ರೂಟರ್ ಒಳಗೆ ಹೋಗಲಾರದ ಬಳಕೆದಾರನಿಗೆ ಫೇಲ್‌ಸೇಫ್ ಬಾಗಿಲು ತೆರೆಯುವುದು ಇದೇ ಬಟನ್.

ಫ್ಲ್ಯಾಶ್ ವಿಭಾಗಗಳ ನಕ್ಷೆಯನ್ನು ಹಳೆಯ ಫರ್ಮ್‌ವೇರ್‌ನ ಬೂಟ್ ಲಾಗ್ ತಾನಾಗಿಯೇ ಕೊಟ್ಟಿತ್ತು: ಬೂಟ್‌ಲೋಡರ್‌ಗೆ 192 ಕಿಲೋಬೈಟ್, ಅದರ ಸೆಟ್ಟಿಂಗ್‌ಗಳಿಗೆ 64, ಫ್ಯಾಕ್ಟರಿಗೆ 64, ಹೆಕ್ಸ್ 50000ದಿಂದ ಕೊನೆಯವರೆಗೆ ಫರ್ಮ್‌ವೇರ್. ಮೊದಲ ಮೂರನ್ನೂ ಓದಲು ಮಾತ್ರ ಎಂದು ಗುರುತು ಮಾಡಿದೆ. ಹೋಲಿಸಿ ನೋಡಲೆಂದು ಕಂಪನಿಗೆ ಪತ್ರ ಬರೆದು ಮೂಲ ಕೋಡ್ ಕೇಳಿದ್ದೆ. ಲಿನಕ್ಸ್ ಕರ್ನಲ್ ಹಂಚುವವರು ಜಿಪಿಎಲ್ ಎಂಬ ಮುಕ್ತ ಪರವಾನಗಿಯ ಎರಡನೇ ಆವೃತ್ತಿಯ ಪ್ರಕಾರ ಅದನ್ನು ಕೊಡಲೇಬೇಕು. ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿದ್ದೂ ಈ ನಿಯಮದ ಬಲದಿಂದಲೇ: 2003ರಲ್ಲಿ ಲಿಂಕ್‌ಸಿಸ್ ತನ್ನ ಡಬ್ಲ್ಯುಆರ್‌ಟಿ54ಜಿ ರೂಟರ್‌ನ ಮೂಲ ಕೋಡ್ ಬಿಡುಗಡೆ ಮಾಡಬೇಕಾಯಿತು, 2004ರಲ್ಲಿ ಈ ಯೋಜನೆ ಶುರುವಾಯಿತು. ನನಗೆ ಬಂದ ಕೋಡ್ ಅರೆಬರೆಯಾಗಿತ್ತು. ಆದರೂ ಕರ್ನಲ್ ಕಾನ್ಫಿಗರೇಶನ್ ಕಡತ ವಿಭಾಗಗಳ ಗಾತ್ರವನ್ನು ದೃಢಪಡಿಸಿತು.

ಈಥರ್ನೆಟ್ ಪೋರ್ಟ್‌ಗಳಿಗೆ ಒಂದೇ ಕೇಬಲ್ ಸಾಕು. ಒಂದೊಂದು ಕಿಂಡಿಗೂ ಸಿಕ್ಕಿಸಿ, ಯಾವ ಪೋರ್ಟ್ ಎದ್ದಿತೆಂದು ಕರ್ನಲ್ ಲಾಗ್‌ನಲ್ಲಿ ನೋಡಿ, ಕವಚದ ಮೇಲೆ ಅಚ್ಚಾದ ಸಂಖ್ಯೆಗೆ ಹೊಂದಿಸಿದೆ. ಒಳಗಿನ ಎಣಿಕೆ ಹೊರಗಿನದಕ್ಕೆ ತಲೆಕೆಳಗಾಗಿರುವುದು ಸಾಮಾನ್ಯ.

ಇಷ್ಟಾದ ಮೇಲೆ ಬರೆಯುವುದು ಸಲೀಸು: ಒಂದು ಡಿವೈಸ್ ಟ್ರೀ ಕಡತ, ಇಮೇಜ್ ತಯಾರಿಯ ಪಟ್ಟಿಯಲ್ಲಿ ಕೆಲವು ಸಾಲು, ನೆಟ್‌ವರ್ಕ್ ಮತ್ತು ಎಲ್‌ಇಡಿ ಸ್ಕ್ರಿಪ್ಟುಗಳಲ್ಲಿ ಒಂದೊಂದು ಸೇರ್ಪಡೆ. ಮೊದಲ ಬಿಲ್ಡ್ ಬಹಳ ಹೊತ್ತು ಹಿಡಿಯುತ್ತದೆ, ಕಂಪೈಲರನ್ನೇ ಮೊದಲು ಕಟ್ಟಿಕೊಳ್ಳಬೇಕಲ್ಲ. ಆಮೇಲಿನವು ಬೇಗ ಮುಗಿಯುತ್ತವೆ. ಕಂಪನಿಯ ಅಪ್‌ಗ್ರೇಡ್ ಪುಟ ನಮ್ಮ ಇಮೇಜನ್ನು ಒಪ್ಪಬೇಕೆಂಬುದು ನನ್ನ ಹಟವಾಗಿತ್ತು, ಎಲ್ಲರೂ ರೂಟರ್ ಬಿಚ್ಚಿ ತಂತಿ ಜೋಡಿಸಲಾರರು. ಕಂಪನಿಯ ಫರ್ಮ್‌ವೇರ್ ಕಡತ ತೆರೆದರೆ ಶುರುವಿನಲ್ಲೇ ಹೆಕ್ಸ್ 27051956, ಯು-ಬೂಟ್ ಎಂಬ ಬೂಟ್‌ಲೋಡರ್‌ನ ಇಮೇಜ್ ಗುರುತು. 64 ಬೈಟ್‌ನ ಆ ಹೆಡರ್‌ನಾಚೆ ಗುಪ್ತಲಿಪಿಯಾಗಲಿ ಸಹಿಯಾಗಲಿ ಇರಲಿಲ್ಲ, ಹಾಗಾಗಿ ನಮ್ಮ ಇಮೇಜ್ ಪುಟದಿಂದಲೇ ಹತ್ತಿತು. ಬಳಿಕ ಸಿಸ್‌ಅಪ್‌ಗ್ರೇಡ್ (ಓಪನ್‌ಡಬ್ಲ್ಯುಆರ್‌ಟಿಯದೇ ಅಪ್‌ಗ್ರೇಡ್ ವಿಧಾನ) ಮಾಡಿ ಸೆಟ್ಟಿಂಗ್‌ಗಳು ಉಳಿಯುತ್ತವೆಯೇ, ರಿಸೆಟ್ ಮಾಡಿದರೆ ಅಳಿಯುತ್ತವೆಯೇ, ಹಳೆಯ ಫರ್ಮ್‌ವೇರ್‌ಗೆ ಹಿಂದಿರುಗಬಹುದೇ ಎಂದು ಪರೀಕ್ಷಿಸಿದೆ.

ಈ ಬದಲಾವಣೆಗಳ ಕಟ್ಟನ್ನು, ಅಂದರೆ ಪ್ಯಾಚನ್ನು, ಓಪನ್‌ಡಬ್ಲ್ಯುಆರ್‌ಟಿ ಯೋಜನೆಗೆ ಕಳಿಸುವಾಗ ಕೋಡ್‌ಗಿಂತ ಜೊತೆಯ ವಿವರಣೆಗೆ ಹೆಚ್ಚು ಹೊತ್ತು ಕೊಟ್ಟೆ. ಹಾರ್ಡ್‌ವೇರ್ ಪಟ್ಟಿ, ಸೀರಿಯಲ್ ಪಿನ್ನುಗಳ ಕ್ರಮ, ಅಳವಡಿಸುವ ವಿಧಾನ, ಹಿಂದಿರುಗುವ ವಿಧಾನ, ಯಾವ ಮ್ಯಾಕ್ ಎಲ್ಲಿಂದ ಬಂತೆಂಬ ಕೋಷ್ಟಕ, ಕೊನೆಗೆ ಸ್ವಂತ ಹೆಸರಿನಲ್ಲಿ ಸಹಿ. ಪರಿಶೀಲಕರು ಸಣ್ಣ ಸಣ್ಣ ವಿಷಯಗಳನ್ನೂ ಹಿಡಿದರು: ಪಟ್ಟಿಯಲ್ಲಿ ಅಕ್ಷರಕ್ರಮ ತಪ್ಪಬಾರದು, ಎಲ್‌ಇಡಿಗೆ ಬಣ್ಣ ಮತ್ತು ಕೆಲಸವನ್ನು ಪ್ರತ್ಯೇಕವಾಗಿ ಹೇಳಿ, ಲೇಬಲ್‌ನ ಮ್ಯಾಕ್ ಯಾವ ಇಂಟರ್‌ಫೇಸ್‌ನದೆಂದು ಸೂಚಿಸಿ. ಪಟ್ಟಿಗೆ ಸಾಧನಗಳು ಸೇರುತ್ತಲೇ ಇರುವಾಗ ಈ ಬಿಗಿ ಇಲ್ಲದಿದ್ದರೆ ಮುಂದೆ ನಿಭಾಯಿಸುವವರಿಗೆ ದಿಕ್ಕು ತೋಚದು. ಅವರು ಬಿಡುವಿನಲ್ಲಿ, ಸಂಬಳವಿಲ್ಲದೆ ಓದುತ್ತಾರೆ ಎಂಬುದನ್ನು ನೆನಪಿಟ್ಟು ಕೇಳಿದ್ದನ್ನೆಲ್ಲ ತಿದ್ದಿ ಕಳಿಸಿದೆ.

ಪ್ಯಾಚ್ ಮುಖ್ಯ ಶಾಖೆಗೆ ಸೇರಿದ ಮೇಲೆ ಸ್ನ್ಯಾಪ್‌ಶಾಟ್ (ಬಿಡುಗಡೆಗೆ ಮುಂಚಿನ, ಬದಲಾಗುತ್ತಿರುವ) ಇಮೇಜ್ ತಾನಾಗಿ ತಯಾರಾಗತೊಡಗಿತು. ಸ್ಥಿರ ಆವೃತ್ತಿ ಬೇಕೆನ್ನುವವರು ಮುಂದಿನ ಬಿಡುಗಡೆಗೆ ಕಾಯಬೇಕು. ಇದೇ ಹೆಸರಿನ ಎರಡನೇ ಪರಿಷ್ಕರಣೆಯಲ್ಲಿ ಕಂಪನಿ ಪ್ರೊಸೆಸರನ್ನೇ ಬದಲಿಸಿದೆ, ಅದಕ್ಕೆ ಈ ಇಮೇಜ್ ಹೊಂದುವುದಿಲ್ಲ. ಹಾಗಾಗಿ ಸಾಧನದ ಹೆಸರಿನಲ್ಲೇ ವಿ1 ಎಂದು ಸೇರಿಸಿದ್ದೇನೆ. ಡೌನ್‌ಲೋಡ್ ಮಾಡುವ ಮುನ್ನ ರೂಟರ್ ಮಗುಚಿ ಲೇಬಲ್‌ನಲ್ಲಿ ಪರಿಷ್ಕರಣೆ ಸಂಖ್ಯೆ ನೋಡಿಕೊಳ್ಳಿ.